ಗೂಡಿನ ಮರದ ಕೆಳಗೆ ಯಾರಿರಬೇಕು?

ದಾಂಡೇಲಿಯ ಸರ್ಕಾರಿ ಮರದ ಡಿಪೋ ಹತ್ತಿರ ಬೆಳಿಗ್ಗೆ ಹೋಗಿ ನಿಂತರೆ ಸಾಕು, ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿ ನೋಡಲು ಒಳಕಾಡಿಗೆ ಹೋಗಬೇಕಾದ್ದಿಲ್ಲ. ನಂಬರು ಹಾಕಿಸಿಕೊಂಡ ದಿಮ್ಮಿಗಳು ಹರಾಜಿಗೆ ಬಿದ್ದಿರುವ ಆ ಜಾಗದ ಸುತ್ತಲೇ ಅವು ಜೋಡಿಯಾಗಿ, ಗುಂಪಾಗಿ ಹಾರಾಡುತ್ತವೆ. ಹಳೆಯ ದೊಡ್ಡ ಮರವಿಲ್ಲದೆ ಸಂಸಾರ ಹೂಡಲಾರದ ಹಕ್ಕಿ ಅದು. ಅದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಬರುವವರಿಂದ ಹಕ್ಕಿ ಉಳಿಯುತ್ತದೆಯೋ, ಬರುವವರಿಂದಲೇ ಅದಕ್ಕೆ ಕುತ್ತೋ ಎಂಬ ಮಾತನ್ನು ದಾಂಡೇಲಿ, ಜೋಯಿಡಾ, ಹಳಿಯಾಳ, ಮುಂಡಗೋಡದ ಕಡೆ ಎತ್ತಿದರೆ ಸುಲಭಕ್ಕೆ ಮುಗಿಯುವುದಿಲ್ಲ. ಸುಲಭಕ್ಕೆ ಮುಗಿಸಬಾರದ ಮಾತು ಅದು ಎಂದೇ ನಾನೂ ತಿಳಿದಿದ್ದೇನೆ.

ಅಲ್ಲಲ್ಲಿ ಕಿವಿಗೆ ಬಿದ್ದ ವಾದಗಳನ್ನು, ನನ್ನೊಳಗೇ ನಡೆಯುವ ವಾದವನ್ನೂ ಸೇರಿಸಿ, ಇಲ್ಲಿ ಇಬ್ಬರ ಬಾಯಲ್ಲಿ ಇಟ್ಟಿದ್ದೇನೆ. ಒಬ್ಬರು ಜೋಯಿಡಾ ಕಡೆಯ ನಿವೃತ್ತ ಮಾಸ್ತರು. ಸೂಪಾ ಊರು ನೀರಲ್ಲಿ ಮುಳುಗಿದ್ದನ್ನು ಕಣ್ಣಾರೆ ಕಂಡವರು. ಇನ್ನೊಬ್ಬ ದಾಂಡೇಲಿಯ ಹುಡುಗ. ಬಂದವರಿಗೆ ಹಕ್ಕಿ ತೋರಿಸುವುದೇ ಅವನ ಕಸುಬು. ಜಾಗ ಗಣೇಶಗುಡಿಯ ಒಂದು ಚಹಾ ಅಂಗಡಿ, ಕಾಲ ಮಾರ್ಚ್.

ಮಾಸ್ತರು: ಇವತ್ತು ಜೋರಿತ್ತಲ್ಲ ತಮ್ಮಾ? ರಸ್ತೆ ಬದಿಗೆ ಸಾಲಾಗಿ ಗಾಡಿ ನಿಂತಿದ್ದವು.

ಹುಡುಗ: ಹೌದು ಮಾಸ್ತರ್. ಬೆಂಗಳೂರಿನವರು, ಪುಣೆಯವರು. ಬೆಳಗಾಗುವುದರೊಳಗೆ ಭೀಮರಾಜ, ಕಾಕರಣೆ ಹಕ್ಕಿ, ರಾಜಹಕ್ಕಿ ಎಲ್ಲ ಸಿಕ್ಕವು. ದೊಡ್ಡ ಮಂಗಟ್ಟೆ ಒಂದು ತಲೆಯ ಮೇಲೆಯೇ ಹಾರಿಹೋಯಿತು. ರೆಕ್ಕೆಯ ಸದ್ದಿಗೆ ಎಲ್ಲರೂ ಮಾತು ನಿಲ್ಲಿಸಿಬಿಟ್ಟರು. ಒಬ್ಬ ಹೆಂಗಸಿನ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ.

ಮಾಸ್ತರು: ಸುಳ್ಳು ಅಂತ ನಾನು ಅನ್ನುವುದಿಲ್ಲ. ಆ ಸದ್ದು ಕೇಳಿದರೆ ನನಗೂ ಈಗಲೂ ಕೆಲಸ ಕೈಬಿಡುತ್ತದೆ. ಆದರೆ ಕಣ್ಣೀರು ಬಂದದ್ದರಿಂದ ಹಕ್ಕಿಗೆ ಏನಾಯಿತು?

ಹುಡುಗ: ತುಂಬ ಆಯಿತು. ನಾನು ಹುಡುಗನಿದ್ದಾಗ ದಾಂಡೇಲಿ ಅಂದರೆ ಕಾಗದ ಕಾರ್ಖಾನೆ, ಮರ, ಬಿದಿರು ಅಷ್ಟೇ. ಇವತ್ತು ದಾಂಡೇಲಿ ಅಂದರೆ ಮಂಗಟ್ಟೆ. ನಮ್ಮ ದೇಶದಲ್ಲಿ ಒಂಬತ್ತು ಜಾತಿ ಮಂಗಟ್ಟೆ ಇವೆ, ಅವುಗಳಲ್ಲಿ ನಾಲ್ಕು ಇಲ್ಲೇ ಇವೆ. ದೊಡ್ಡದು, ಮಲಬಾರ್ ಕಪ್ಪು-ಬಿಳಿ, ಮಲಬಾರ್ ಬೂದು, ಬಯಲು ಕಡೆಯ ಬೂದು. ಮಲಬಾರ್ ಬೂದು ಮಂಗಟ್ಟೆ ಪಶ್ಚಿಮ ಘಟ್ಟ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇಲ್ಲ. ಇದನ್ನೆಲ್ಲ ನೋಡುವವರು ನೋಡಿ, ಬರೆದು, ಸರ್ಕಾರದ ಬಾಗಿಲು ತಟ್ಟಿದ್ದಕ್ಕೇ 2011ರಲ್ಲಿ ಇಲ್ಲಿನ 52.5 ಚದರ ಕಿಲೋಮೀಟರ್ ಕಾಡು ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಆಯಿತು. ಒಂದು ಹಕ್ಕಿಯ ಹೆಸರಲ್ಲಿ ಕಾಡು ಉಳಿಯುವುದು ಸಣ್ಣ ಮಾತೇ?

ಮಾಸ್ತರು: ಸಣ್ಣ ಮಾತಲ್ಲ. ಆದರೆ ಇದು ಎಷ್ಟನೇ ಹೆಸರು, ಲೆಕ್ಕ ಹಾಕು. 1956ರಲ್ಲಿ ದಾಂಡೇಲಿ ಅಭಯಾರಣ್ಯ ಅಂದರು. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ ಅಂದರು. 2007ರಲ್ಲಿ ಎರಡನ್ನೂ ಸೇರಿಸಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು, 2015ರಲ್ಲಿ ಅದಕ್ಕೆ ಕಾಳಿ ಅಂತ ಹೆಸರಿಟ್ಟರು. ಹೆಸರು ಬೆಳೆಯುತ್ತಾ ಹೋದ ಇದೇ ವರ್ಷಗಳಲ್ಲಿ ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಒಂದರ ಮೇಲೊಂದು ಅಣೆಕಟ್ಟು ಬಂತು. ಕೈಗಾದಲ್ಲಿ ಅಣು ಸ್ಥಾವರ ಬಂತು. ಜೋಯಿಡಾ ಕಾಡಲ್ಲಿ ಮ್ಯಾಂಗನೀಸ್ ಗಣಿ ತೋಡಿದರು. ಸೂಪಾ ಅಣೆಕಟ್ಟು 101 ಮೀಟರ್ ಎತ್ತರ. ಅದರ ಹಿಂದೆ ನಿಂತ ನೀರಿನಡಿ ಒಂದು ತಾಲ್ಲೂಕು ಕೇಂದ್ರವೇ ಇದೆ, ಅದರ ಸುತ್ತಿನ ಹೊಳೆಬದಿ ಕಾಡೂ ಇದೆ. ಜನ ರಾಮನಗರಕ್ಕೆ ಹೋದರು, ಕಚೇರಿ ಜೋಯಿಡಾಕ್ಕೆ ಬಂತು. ಆ ಕಾಡಿನ ಪೊಟರೆಗಳಲ್ಲಿ ಗೂಡು ಮಾಡುತ್ತಿದ್ದ ಹಕ್ಕಿ ಎಲ್ಲಿಗೆ ಹೋಯಿತು? ಅದಕ್ಕೆ ಪುನರ್ವಸತಿ ಕಾಲೊನಿ ಕಟ್ಟುವವರು ಯಾರು?

ಹುಡುಗ: ಆಗ ನೋಡುವವರು ಇರಲಿಲ್ಲ, ಅದಕ್ಕೇ ಕೇಳುವವರೂ ಇರಲಿಲ್ಲ. ನನ್ನ ವಾದವೇ ಇದು ಮಾಸ್ತರ್. ಎಣಿಸದೆ ಹೋದದ್ದು ಕಳೆದುಹೋದರೂ ಗೊತ್ತಾಗುವುದಿಲ್ಲ. ಅಮೆರಿಕದಲ್ಲಿ ಕ್ರಿಸ್‌ಮಸ್ ದಿನ ಗುಂಪು ಕಟ್ಟಿಕೊಂಡು ಕಂಡ ಕಂಡ ಹಕ್ಕಿ ಹೊಡೆಯುವ ಪಂದ್ಯ ನಡೆಯುತ್ತಿತ್ತಂತೆ. 1900ರಲ್ಲಿ ಫ್ರಾಂಕ್ ಚಾಪ್ಮನ್ ಅನ್ನುವವರು, ಹೊಡೆಯುವುದು ಬೇಡ, ಎಣಿಸೋಣ ಅಂದರು. ಮೊದಲ ವರ್ಷ ಬಂದವರು 27 ಜನ. ಆ ಎಣಿಕೆ ಇವತ್ತಿಗೂ ನಡೆಯುತ್ತಿದೆ. ನಮ್ಮಲ್ಲಿ 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಬಂತಲ್ಲ, ಸುಮಾರು ಮೂವತ್ತು ಸಾವಿರ ಹಕ್ಕಿ ನೋಡುಗರು ಬರೆದಿಟ್ಟ ಮೂರು ಕೋಟಿ ದಾಖಲೆ ಇಟ್ಟುಕೊಂಡು ಮಾಡಿದ್ದು. 942 ಜಾತಿ ನೋಡಿದರು, 178ಕ್ಕೆ ತುರ್ತು ಗಮನ ಬೇಕು ಅಂದರು. ಸಂಬಳದ ವಿಜ್ಞಾನಿಗಳಷ್ಟೇ ಸೇರಿ ಮಾಡಲಾಗುವ ಕೆಲಸವಲ್ಲ ಅದು. ಬೆಳಿಗ್ಗೆ ಎದ್ದು ಕೊರಳಿಗೆ ದುರ್ಬೀನು ಹಾಕಿಕೊಂಡು ಹೋದವರು ಮಾಡಿದ್ದು.

ಮಾಸ್ತರು: ಎಣಿಸುವವರ ಬಗ್ಗೆ ನನ್ನ ತಕರಾರಿಲ್ಲ. ಅವರು ಬರುತ್ತಾರೆ, ನೋಡುತ್ತಾರೆ, ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಾರೆ. ನನ್ನ ತಕರಾರು ಗೂಡಿನ ಮುಂದೆ ಸ್ಟ್ಯಾಂಡ್ ಊರಿ ಕೂರುವವರ ಬಗ್ಗೆ. ನೀನೇ ಹೇಳು, ಗೂಡಲ್ಲಿ ಈಗ ಏನು ನಡೆಯುತ್ತಿದೆ?

(ಇಲ್ಲಿ ಹುಡುಗನ ದನಿ ಬದಲಾಗುತ್ತದೆ. ಮಂಗಟ್ಟೆಯ ಗೂಡಿನ ಮಾತು ಬಂದರೆ ಈ ಕಸುಬಿನವರು ತಗ್ಗಿದ ದನಿಯಲ್ಲೇ ಹೇಳುತ್ತಾರೆ.)

ಹುಡುಗ: ಗೂಡಲ್ಲಿ ಹೆಣ್ಣು ಇದೆ. ತಾನಾಗಿ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಿದೆ. ಮಂಗಟ್ಟೆಗೆ ಮರಕುಟಿಕದ ಹಾಗೆ ಮರ ಕೊರೆಯಲು ಬರುವುದಿಲ್ಲ. ಕೊಂಬೆ ಮುರಿದು, ಒಳಗೆ ಕೊಳೆತು, ತಾನಾಗಿ ಆದ ಪೊಟರೆಯೇ ಬೇಕು. ಮೂರು ಕಿಲೋ ತೂಗುವ ಹಕ್ಕಿ ಹಿಡಿಸುವಂಥ ಪೊಟರೆ ಎಳೆಯ ಮರದಲ್ಲಿ ಆಗುವುದಿಲ್ಲ. ಹೆಣ್ಣು ಒಳಗೆ ಹೊಕ್ಕು ತನ್ನ ಹಿಕ್ಕೆ, ಹಣ್ಣಿನ ತಿರುಳು ಎಲ್ಲ ಕಲಸಿ ಕೊಕ್ಕಿನ ಪಕ್ಕದಿಂದ ತಟ್ಟಿ ತಟ್ಟಿ ಬಾಯಿ ಮುಚ್ಚುತ್ತದೆ. ಕೊಕ್ಕಿನ ತುದಿ ಹೊರಗೆ ಬರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಂದೋ ಎರಡೋ ಮೊಟ್ಟೆ. ಕಾವು ಸುಮಾರು ನಲವತ್ತು ದಿನ. ಒಳಗಿರುವಾಗ ಅದರ ರೆಕ್ಕೆಯ ಗರಿ ಉದುರುತ್ತವೆ, ಹಾರಬೇಕು ಅಂದರೂ ಹಾರಲಾಗುವುದಿಲ್ಲ. ಗಂಡು ಬಸರಿ, ಗೋಳಿ, ಅತ್ತಿ ಹಣ್ಣನ್ನು ಗಂಟಲಲ್ಲಿ ತುಂಬಿಕೊಂಡು ಬಂದು, ಮರದ ಬೊಡ್ಡೆಗೆ ಆತುಕೊಂಡು, ಒಂದೊಂದೇ ಹಣ್ಣು ಕೊಕ್ಕಿನ ತುದಿಗೆ ತಂದು ಆ ಸೀಳಿನಲ್ಲಿ ಕೊಡುತ್ತದೆ. ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ. ಸೀಳಿನೊಳಗೆ ಆ ಬಿಳಿ ಕಣ್ಣು ಒಮ್ಮೆ ಹೊಳೆದದ್ದನ್ನು ಕಂಡಿದ್ದೇನೆ.

ಮಾಸ್ತರು: ಅಂದರೆ ಈ ಮೂರು ನಾಲ್ಕು ತಿಂಗಳು ಇಡೀ ಸಂಸಾರ ಒಂದು ಗಂಡಿನ ಹಾರಾಟದ ಮೇಲೆ ನಿಂತಿದೆ. ಗಂಡು ಮನುಷ್ಯರನ್ನು ನೋಡಿ ಬೆದರಿ ಆಚೆ ಮರದಲ್ಲಿ ಕೂತರೆ ಅಷ್ಟು ಹೊತ್ತು ಒಳಗಿನವರಿಗೆ ಉಪವಾಸ. ಫೆಬ್ರವರಿಯಿಂದ ಮೇ ಒಳಗೆ ಇದೆಲ್ಲ ನಡೆಯಬೇಕು. ನಿಮ್ಮ ಪ್ರವಾಸಿಗಳಿಗೆ ರಜೆ ಯಾವಾಗ? ಏಪ್ರಿಲ್, ಮೇ. ಕಾಡಿಗೆ ಬೆಂಕಿ ಬೀಳುವುದು ಯಾವಾಗ? ಆಗಲೇ. ಎಲ್ಲವೂ ಬಂದು ಆ ಸೀಳಿನ ಮುಂದೆಯೇ ಸೇರುತ್ತವೆ.

ಹುಡುಗ: ಅದನ್ನು ಒಪ್ಪುತ್ತೇನೆ. ಗೂಡಿನ ಹತ್ತಿರ ಹೋಗಬೇಕು ಅಂತ ಹಟ ಮಾಡುವವರು ಇದ್ದಾರೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವವರೂ ಇದ್ದಾರೆ. ತನ್ನ ಜಾಗಕ್ಕೆ ಬೇರೆ ಗಂಡು ಬಂತು ಅಂದುಕೊಂಡು ಹಕ್ಕಿ ಕಂಗಾಲಾಗಿ ಹಾರಾಡುತ್ತದೆ, ಇವರು ಫೋಟೋ ತೆಗೆಯುತ್ತಾರೆ. ನನಗೂ ಅದು ಹೇಸಿಗೆಯೇ. ಆದರೆ ಅಂಥವರನ್ನು ತಡೆಯುವುದು ಯಾರು? ಹಕ್ಕಿ ಗೊತ್ತಿರುವ ಸ್ಥಳೀಯ ಹುಡುಗ. ಹಕ್ಕಿ ನೋಡುವ ವ್ಯವಹಾರವೇ ಇಲ್ಲದಿದ್ದರೆ ನಾನು ಗೋವಾದ ಹೋಟೆಲಿನಲ್ಲಿ ತಟ್ಟೆ ಎತ್ತುತ್ತಿದ್ದೆ, ಇಲ್ಲಿ ತಡೆಯಲು ಯಾರೂ ಇರುತ್ತಿರಲಿಲ್ಲ.

ಮಾಸ್ತರು: ತಡೆದರೆ ನಿನಗೆ ಮುಂದಿನ ಸಲ ಗಿರಾಕಿ ಬರುತ್ತಾರೆಯೇ?

ಹುಡುಗ: ಕೆಲವರು ಬರುವುದಿಲ್ಲ.

ಮಾಸ್ತರು: ಅದೇ ನನ್ನ ಚಿಂತೆ. ಕಾಯುವವನ ಊಟ ಕೆಡಿಸುವವನ ಕೈಯಲ್ಲಿದೆ.

ಹುಡುಗ: ಹಾಗಾದರೆ ಊರವರ ಕೈಯಲ್ಲಿ ಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದೆಯೇ? ಸಿಟ್ಟಾಗಬೇಡಿ, ನಾನೂ ಊರವನೇ. ಬೇಸಿಗೆಯಲ್ಲಿ ದರಕಿಗೆ ಬೆಂಕಿ ಹಾಕುವವರು ಬೆಂಗಳೂರಿನವರಲ್ಲ. ಕವಣೆ ಹಿಡಿದು ತಿರುಗುವ ಹುಡುಗರು ಪುಣೆಯಿಂದ ಬಂದವರಲ್ಲ. ಮಂಗಟ್ಟೆಯ ಕೊಬ್ಬು ಸಂದುನೋವಿಗೆ ಒಳ್ಳೆಯದು ಅನ್ನುವ ಮಾತನ್ನು ಪ್ರವಾಸಿಗಳು ಹುಟ್ಟಿಸಿದ್ದಲ್ಲ. 1972ರ ವನ್ಯಜೀವಿ ಕಾಯ್ದೆ ಬಂದು, ಗಾರ್ಡು ಬಂದು, ಹೆದರಿಕೆ ಬಂದದ್ದಕ್ಕೇ ಇವತ್ತು ಇಷ್ಟಾದರೂ ಉಳಿದಿದೆ. ಇದನ್ನು ನೀವು ಹೇಳುವುದೇ ಇಲ್ಲ.

ಮಾಸ್ತರು: ಹೇಳುತ್ತೇನೆ. ಊರಲ್ಲಿ ಬೇಟೆ ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ಕವಣೆ ನಾನೂ ಕಸಿದುಕೊಂಡಿದ್ದೇನೆ, ಶಾಲೆಯ ಮಕ್ಕಳ ಕೈಯಿಂದ. ಅದಕ್ಕೆ ಸಮರ್ಥನೆ ಇಲ್ಲ. ಆದರೆ ಕಾಡಿನ ಲೆಕ್ಕ ಬರೆಯುವಾಗ ಕವಣೆಯ ಕಲ್ಲನ್ನೂ ಲಾರಿಯ ಲೋಡನ್ನೂ ಒಂದೇ ಸಾಲಲ್ಲಿ ಬರೆಯಬೇಡ. ಇಲ್ಲಿನ ಕಾಡಿನ ಕುಣಬಿ ಜನ ಕಾಡು ಸವರಿ ಸುಟ್ಟು ಕುಮರಿ ಬೇಸಾಯ ಮಾಡಿದರೆ ಕಾಡು ಹಾಳಾಗುತ್ತದೆ ಅಂತ ಬ್ರಿಟಿಷರ ಕಾಲದಲ್ಲಿ ಕಟ್ಟುಪಾಡು ತಂದರು. ಆಮೇಲೆ ಬಗೆಬಗೆಯ ಮರವಿದ್ದ ಕಾಡನ್ನು ಸಾಲಾಗಿ ಸಾಗವಾನಿ ತೋಪು ಮಾಡುತ್ತಾ ಹೋದರು. ಸಾಗವಾನಿ ಮಂಗಟ್ಟೆಗೆ ಹಣ್ಣು ಕೊಡುತ್ತದೆಯೇ? ಎಳೆಯದರಲ್ಲೇ ಕಡಿಯುವ ಮರದಲ್ಲಿ ಪೊಟರೆ ಆಗುತ್ತದೆಯೇ?

ಹುಡುಗ: ಆಗುವುದಿಲ್ಲ.

ಮಾಸ್ತರು: ಇನ್ನು ಬಿದಿರು. ಇದನ್ನು ನೀನು ತಿಳಿದಿರಬೇಕು, ಗೈಡ್ ಆದವನು. ಎಪ್ಪತ್ತರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ನಮ್ಮ ಜಿಲ್ಲೆಯಲ್ಲಿ ಬಿದಿರಿನ ಅಧ್ಯಯನ ಮಾಡಿದರು. ಕಾಗದದ ಕಾರ್ಖಾನೆಗೆ ಬಿದಿರು ಸಾಲದಾಗಿತ್ತು. ಊರವರ ದನ, ಊರವರ ಕತ್ತಿ ಇವೇ ಕಾರಣ ಅಂತ ಅಧಿಕಾರಿಗಳ ಮಾತು. ಬಿದಿರಿನ ಹಿಂಡಲಿನ ಬುಡದಲ್ಲಿ ಮುಳ್ಳಿನ ಸಿಕ್ಕು ಇರುತ್ತದಲ್ಲ, ಅದನ್ನು ಸವರಿ ಚೊಕ್ಕಟ ಮಾಡಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಅನ್ನುವುದು ಅರಣ್ಯಶಾಸ್ತ್ರದ ಪಾಠವಾಗಿತ್ತು. ಊರವರು ಅವರಿಗೆ ಹೇಳಿದ್ದು ತಿರುಗುಮುರುಗು. ಆ ಮುಳ್ಳು ಸವರಿದ ಮೇಲೆಯೇ ಎಳೆ ಕಳಲೆ ಬಯಲಿಗೆ ಬಿದ್ದು ದನ, ಹಂದಿ, ಮುಸುವದ ಬಾಯಿಗೆ ಸಿಗುತ್ತದೆ, ಮುಳ್ಳೇ ಅದರ ಬೇಲಿ ಅಂತ. ಗಾಡ್ಗೀಳರು ಅಳೆದು ನೋಡಿದಾಗ ಊರವರು ಹೇಳಿದ್ದೇ ನಿಜವಾಯಿತು. ದಿನವೂ ಬಿದಿರಿನ ಬುಡದಲ್ಲಿ ಓಡಾಡುವವನಿಗೆ ತಿಳಿದದ್ದು ಪುಸ್ತಕದವರಿಗೆ ತಿಳಿದಿರಲಿಲ್ಲ. ಈಗ ಹಕ್ಕಿಯ ವಿಷಯದಲ್ಲಿ ಊರವನನ್ನು ಕೇಳುವವರು ಯಾರಿದ್ದಾರೆ?

ಹುಡುಗ: ನಾನು ಕೇಳುತ್ತೇನೆ. ಕಾಸರಕದ ಹಣ್ಣನ್ನು ಮಂಗಟ್ಟೆ ತಿನ್ನುತ್ತದೆ ಅಂತ ನನಗೆ ಮೊದಲು ಹೇಳಿದ್ದು ದನ ಮೇಯಿಸುವ ಒಬ್ಬ ಗೌಳಿ ಅಜ್ಜ. ವಿಷದ ಮರ, ಹೇಗೆ ತಿಂದೀತು ಅಂದುಕೊಂಡಿದ್ದೆ. ಕಾಯಿ ಹಣ್ಣಾಗುವ ಕಾಲಕ್ಕೆ ಕಾದು ನೋಡಿದೆ, ಕಪ್ಪು-ಬಿಳಿ ಮಂಗಟ್ಟೆ ಆರಾಮಾಗಿ ತಿಂದಿತು. ಯಾವ ಗೋಳಿ ಮರ ಯಾವ ತಿಂಗಳು ಹಣ್ಣಾಗುತ್ತದೆ ಅನ್ನುವುದು ಆ ಅಜ್ಜನಿಗೆ ಕ್ಯಾಲೆಂಡರ್ ಇಲ್ಲದೆ ಗೊತ್ತು.

ಮಾಸ್ತರು: ಆ ಅಜ್ಜನಿಗೆ ಏನು ಸಿಕ್ಕಿತು?

ಹುಡುಗ: ನಾನು ಚಹಾ ಕುಡಿಸಿದೆ.

(ಮಾಸ್ತರು ಏನೂ ಹೇಳುವುದಿಲ್ಲ. ಹೇಳಬೇಕಾದ್ದೂ ಇಲ್ಲ ಎಂದು ನನಗೆ ಅನಿಸುತ್ತದೆ. ಹಕ್ಕಿಯ ಅರ್ಧ ಜ್ಞಾನ ಇವತ್ತಿಗೂ ಹೀಗೆ ಚಹಾದ ಲೆಕ್ಕದಲ್ಲೇ ಪೇಟೆಗೆ ಬರುತ್ತಿದೆ.)

ಹುಡುಗ: ಬೇರೆ ಕಡೆ ಇದನ್ನು ಸರಿ ಮಾಡಿದ್ದಾರೆ ಮಾಸ್ತರ್. ಥಾಯ್ಲೆಂಡಿನ ದಕ್ಷಿಣ ತುದಿಯಲ್ಲಿ ಬುಡೊ ಅಂತ ಬೆಟ್ಟಸಾಲು. ಅಲ್ಲಿನ ಹಳ್ಳಿಯವರು ಮಂಗಟ್ಟೆಯ ಮರಿ ಕದ್ದು ಮಾರುತ್ತಿದ್ದರು. ಪಿಲಾಯ್ ಪೂನ್‌ಸ್ವಾದ್ ಅನ್ನುವ ವಿಜ್ಞಾನಿ, ಹೆಣ್ಣುಮಗಳು, ಪೊಲೀಸರನ್ನು ಕರೆಯಲಿಲ್ಲ. ಕದಿಯುವವರನ್ನೇ ಕೂರಿಸಿ ಮಾತಾಡಿ, ಗೂಡು ಕಾಯುವ ಕೆಲಸ ಕೊಟ್ಟರು. ಪೇಟೆಯ ಕುಟುಂಬಗಳು ಒಂದೊಂದು ಗೂಡನ್ನು ದತ್ತು ತೆಗೆದುಕೊಂಡು ದುಡ್ಡು ಕೊಟ್ಟವು. ಯಾವ ಮರದಲ್ಲಿ ಗೂಡಿದೆ ಅನ್ನುವುದು ಕಳ್ಳನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ? ನಮ್ಮ ಅರುಣಾಚಲದ ಪಕ್ಕೆಯಲ್ಲಿಯೂ ನಿಶಿ ಜನ ಇದೇ ರೀತಿ ಗೂಡು ಕಾಯುತ್ತಾರೆ. ಅವರ ಟೊಪ್ಪಿಗೆಗೆ ಮಂಗಟ್ಟೆಯ ಕೊಕ್ಕು ಬೇಕಿತ್ತು, ಈಗ ಫೈಬರಿನ ಕೊಕ್ಕು ಬಂದಿದೆ. ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಹತ್ತಿರ 2012ರಲ್ಲಿ ಅಮುರ್ ಫಾಲ್ಕನ್‌ಗಳನ್ನು ಬಲೆ ಹಾಕಿ ರಾಶಿರಾಶಿ ಕೊಲ್ಲುತ್ತಿದ್ದರು. ಮರುವರ್ಷವೇ ಹಳ್ಳಿಗಳವರು ತಾವೇ ಕೂತು ನಿಲ್ಲಿಸಿದರು. ದೂರ ಯಾಕೆ, ಮಂಡ್ಯದ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಯಂಗಳದ ಹುಣಸೆ ಮರದ ಮೇಲೆ ಹೆಜ್ಜಾರ್ಲೆ ಗೂಡು ಕಟ್ಟುತ್ತದೆ, ಮನೆಯವರು ತಮ್ಮ ಹಕ್ಕಿ ಅನ್ನುತ್ತಾರೆ.

ಮಾಸ್ತರು: ಎಲ್ಲ ಒಳ್ಳೆಯ ಉದಾಹರಣೆಗಳೇ. ಆದರೆ ಒಂದನ್ನು ಗಮನಿಸು. ನಾಗಾಲ್ಯಾಂಡಿನಲ್ಲಿ ನೆಲ ಹಳ್ಳಿಯದು. ಬೆಳ್ಳೂರಿನಲ್ಲಿ ಹುಣಸೆ ಮರ ಮನೆಯವರದು. ಅವರು ಬೇಡ ಅಂದರೆ ಬೇಡ, ಬೇಕು ಅಂದರೆ ಬೇಕು. ಅದಕ್ಕೇ ಅವರ ಮಾತಿಗೆ ತೂಕ ಬಂತು. ನಮ್ಮ ಕುಣಬಿಯವನಿಗೆ, ಹಳಿಯಾಳದ ಸಿದ್ದಿಗೆ, ಗೌಳಿಗೆ ಕಾಡಿನಲ್ಲಿ ಅಂಥ ಮಾತಿದೆಯೇ? ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂತು. ಅರ್ಜಿ ಹಾಕಿದವರು ಇನ್ನೂ ಕಾಗದ ಹಿಡಿದು ಓಡಾಡುತ್ತಾರೆ. ಕೂಲಿ ಕೊಟ್ಟು ಕಾಯಿಸುವುದು ಬೇರೆ, ನಿನ್ನದು ಅಂತ ಹೇಳಿ ಕಾಯಿಸುವುದು ಬೇರೆ.

ಹುಡುಗ: ಹಾರ್ನ್‌ಬಿಲ್ ಮೀಸಲಿನಲ್ಲಿ ಅದಕ್ಕೆ ಅವಕಾಶ ಇದೆ. ಸಂರಕ್ಷಣಾ ಮೀಸಲು ಅನ್ನುವುದು ಅಭಯಾರಣ್ಯದ ಹಾಗಲ್ಲ. ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯಲ್ಲಿ ಬಂದದ್ದು. ಘೋಷಿಸುವ ಮೊದಲು ಊರವರ ಜೊತೆ ಮಾತಾಡಬೇಕು. ಆಮೇಲೆ ಅದರ ಸಮಿತಿಯಲ್ಲಿ ಅಲ್ಲಿನ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬ ಪ್ರತಿನಿಧಿ ಇರಲೇಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ.

ಮಾಸ್ತರು: ಬರೆದಿದೆ. ಆ ಕುರ್ಚಿಯಲ್ಲಿ ಕೂತವನು ಮಂಗಟ್ಟೆಯ ಮಾತು ಆಡಿದ್ದು ನೀನು ಕೇಳಿದ್ದೀಯಾ?

ಹುಡುಗ: ಕೇಳಿಲ್ಲ. ಆದರೆ ಕುರ್ಚಿ ಇದೆ ಅನ್ನುವುದೇ ನಮ್ಮ ಪಂಚಾಯಿತಿಯವರಿಗೆ ಗೊತ್ತಿದೆಯೋ ಇಲ್ಲವೋ. ಅದನ್ನು ತಿಳಿಸುವುದು ನಿಮ್ಮಂಥ ಮಾಸ್ತರರ ಕೆಲಸ, ಕಾಡನ್ನು ಕಳೆದುಕೊಂಡವರು ನಾವು ಅಂತ ಕೂತುಕೊಳ್ಳುವುದಲ್ಲ.

ಮಾಸ್ತರು: ಆಯಿತು, ಈ ಮಾತು ನನಗೆ ತಟ್ಟಿತು.

ಹುಡುಗ: ಇನ್ನೊಂದು. ಎಲ್ಲ ಕಡೆಯೂ ಜನ ಮತ್ತು ಹಕ್ಕಿ ಎದುರುಬದುರು ನಿಂತಿಲ್ಲ. ಮುಂಡಗೋಡದ ಅತ್ತಿವೇರಿ ನೋಡಿ. ಅದು ನೀರಾವರಿಗೆ ಅಂತ ಮಾಡಿದ ಕೆರೆ. ಅದರ ನಡುಗಡ್ಡೆಯ ಮರಗಳಿಗೆ ಬಿಳಿ ಕೆಂಬರಲು, ಚಮಚ ಕೊಕ್ಕು, ನೀರು ಕಾಗೆ ಬಂದು ಸೇರಿದವು, 2.23 ಚದರ ಕಿಲೋಮೀಟರಿನ ಪಕ್ಷಿಧಾಮ ಆಯಿತು. ರೈತನ ಗದ್ದೆಯಲ್ಲೇ ಮೇಯ್ದು ರೈತನ ಕೆರೆಯಲ್ಲೇ ಮರಿ ಮಾಡುತ್ತವೆ. ಮುಂಡಗೋಡದಲ್ಲಿ 1966ರಿಂದ ಟಿಬೆಟ್ಟಿನವರ ಕ್ಯಾಂಪೂ ಇದೆಯಲ್ಲ. ಟಿಬೆಟ್ಟಿನ ಎತ್ತರದ ಸರೋವರಗಳಲ್ಲಿ ಮರಿ ಮಾಡುವ ಪಟ್ಟೆತಲೆ ಬಾತು ಹಿಮಾಲಯ ದಾಟಿ ಚಳಿಗಾಲಕ್ಕೆ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುತ್ತದೆ. ಒಂದೇ ನೆಲದಿಂದ ಬಂದ ಮನುಷ್ಯರೂ ಹಕ್ಕಿಯೂ ನಮ್ಮ ಕಡೆಯೇ ನೆಲೆ ಹುಡುಕಿದವು. ಹಕ್ಕಿಗೆ ಗಡಿಯಿಲ್ಲ, ಹಾಗಾಗಿ ಅದನ್ನು ಕಾಯುವವರೂ ಒಂದೇ ಊರಿನವರಾಗಲು ಬರುವುದಿಲ್ಲ.

ಮಾಸ್ತರು: ಅತ್ತಿವೇರಿಯ ಮಾತು ಒಪ್ಪಿದೆ. ಆದರೆ ಅದೇ ಮುಂಡಗೋಡ, ಹಳಿಯಾಳದ ರೈತನನ್ನು ನವೆಂಬರಿನಲ್ಲಿ ಕೇಳು. ದಾಂಡೇಲಿ ಕಾಡಿನ ಆನೆ ಭತ್ತ ಕೊಯ್ಲಿಗೆ ಬಂದ ಹೊತ್ತಿಗೆ ಗದ್ದೆಗೆ ಇಳಿಯುತ್ತದೆ, ಕಬ್ಬಿಗೆ ನುಗ್ಗುತ್ತದೆ. ರಾತ್ರಿಯಿಡೀ ಡಬ್ಬ ಬಡಿಯುತ್ತ ಕೂತವನಿಗೆ ನಿನ್ನ ಹಕ್ಕಿ ಹಬ್ಬದ ಬ್ಯಾನರು ಕಂಡರೆ ಹೇಗಾಗಬೇಡ? ಅವನಿಗೆ ಕಾಡು ಅಂದರೆ ಒಂದೇ, ಹಕ್ಕಿಯ ಕಾಡು ಬೇರೆ ಆನೆಯ ಕಾಡು ಬೇರೆ ಅಂತಿಲ್ಲ. ನಷ್ಟ ಅವನ ಗದ್ದೆಯಲ್ಲಿ, ಲಾಭ ದಾಂಡೇಲಿಯ ರೆಸಾರ್ಟಿನಲ್ಲಿ.

ಹುಡುಗ: ಅದಕ್ಕೆ ಕಾಡಂಚಿನವರಿಗೂ ಈ ದುಡ್ಡು ತಲುಪಬೇಕು ಅನ್ನುವುದು. ಜೋಯಿಡಾದಲ್ಲಿ ಕುಣಬಿಗಳ ಗಡ್ಡೆ-ಗೆಣಸಿನ ಮೇಳ ನಡೆಯುತ್ತದಲ್ಲ, ಮುಡ್ಲಿ ಗಡ್ಡೆ ಕೊಳ್ಳಲು ಎಲ್ಲೆಲ್ಲಿಂದ ಜನ ಬರುತ್ತಾರೆ. ಹಕ್ಕಿ ನೋಡಲು ಬಂದವನು ಕುಣಬಿ ಮನೆಯಲ್ಲಿ ಉಂಡು, ಅವರ ಗಡ್ಡೆ ಕೊಂಡು ಹೋದರೆ ಅದೂ ಒಂದು ದಾರಿ.

ಮಾಸ್ತರು: ಕುಣಬಿ ಅಲ್ಲಿ ಉಳಿದರೆ ತಾನೇ? ಹುಲಿ ಕಾಡಿನಿಂದ ಹೊರಗೆ ಬಂದರೆ ಮೊದಲು ಕುಟುಂಬಕ್ಕೆ 10 ಲಕ್ಷ ಅಂತಿತ್ತು, 2021ರಿಂದ 15 ಲಕ್ಷ. ಸ್ವಇಚ್ಛೆ ಅನ್ನುತ್ತಾರೆ. ರಸ್ತೆ ಕೊಡದೆ, ಕರೆಂಟು ಕೊಡದೆ, ಮಳೆಗಾಲದಲ್ಲಿ ಬಾಣಂತಿಯನ್ನು ಕಂಬಳಿಯಲ್ಲಿ ಹೊತ್ತು ನಡೆಯುವಂತೆ ಇಟ್ಟು, ಆಮೇಲೆ ಹೋಗುತ್ತೀಯಾ ಅಂತ ಕೇಳಿದರೆ ಅದು ಎಂಥ ಇಚ್ಛೆ?

ಹುಡುಗ: ನಿಮ್ಮ ಮಾತಲ್ಲಿ ನೋವಿದೆ, ಆದರೆ ಪೂರ್ತಿ ಸತ್ಯವಿಲ್ಲ. ಒಳಗಿನ ಊರಿನ ನನ್ನ ವಾರಿಗೆಯವರನ್ನು ಕೇಳಿ. ಹೋಗಬೇಕು ಅನ್ನುವವರು ಇದ್ದಾರೆ, ಮಕ್ಕಳ ಶಾಲೆಗೆ, ಆಸ್ಪತ್ರೆಗೆ. ಅವರನ್ನು ಕಾಡಿನಲ್ಲೇ ಇರಿ, ನಿಮ್ಮ ಸಂಸ್ಕೃತಿ ಉಳಿಯಲಿ ಅಂತ ಹೊರಗೆ ಕೂತು ನಾವು ಹೇಳಬಹುದೇ? ಒಳಗೆ ರಸ್ತೆ ಅಗಲ ಮಾಡಿದರೆ ಆ ರಸ್ತೆಯಲ್ಲೇ ರೆಸಾರ್ಟಿನ ಜೀಪೂ ಬರುತ್ತದೆ. ಆಗ ಗೂಡಿನ ಮರದ ಗತಿ?

ಮಾಸ್ತರು: ಹೋಗಬೇಕು ಅನ್ನುವವನು ಹೋಗಲಿ. ಇರಬೇಕು ಅನ್ನುವವನಿಗೆ ಇರುವಂತೆ ಮಾಡಬೇಕು. ಜನ ಹೋದ ಜಾಗದಲ್ಲಿ ಮಂಗಟ್ಟೆ ಹೆಚ್ಚಾದೀತು, ಇಲ್ಲ ಅನ್ನಲಾರೆ. ಆದರೆ ಬೆಂಕಿ ಬಿದ್ದ ರಾತ್ರಿ ಮೊದಲು ಓಡಿಬರುವ ಕಾಲು ಯಾರದು?

ಹುಡುಗ: ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕೈಯಲ್ಲಾಗುವುದನ್ನು ಹೇಳುತ್ತೇನೆ. ನಮ್ಮ ಗೈಡ್‌ಗಳೆಲ್ಲ ಸೇರಿ ಒಂದು ಕಟ್ಟು ಮಾಡಬೇಕು. ರಸ್ತೆಯಿಂದ ದೂರದಲ್ಲಿ ಕಾಣುವ ಒಂದೇ ಒಂದು ಗೂಡು, ಅದಕ್ಕೆ ಮರೆ ಕಟ್ಟಿ, ಅಲ್ಲಿಂದ ಮಾತ್ರ ತೋರಿಸುವುದು. ಒಂದು ಸಲಕ್ಕೆ ನಾಲ್ಕೇ ಜನ. ಬಂದ ಹಣದಲ್ಲಿ ಉಳಿದ ಗೂಡುಗಳನ್ನು ಕಾಯುವ ಊರವರಿಗೆ ಆ ನಾಲ್ಕು ತಿಂಗಳ ಕೂಲಿ.

ಮಾಸ್ತರು: ಒಂದೂ ಬೇಡ. ಗೂಡು ತೋರಿಸುವುದೇ ಬೇಡ. ಹಣ್ಣಿನ ಮರದ ಕೆಳಗೆ ಕೂರಿಸು, ಡಿಪೋ ಹತ್ತಿರ ನಿಲ್ಲಿಸು, ಹಾರುವುದನ್ನು ನೋಡಲಿ. ಒಂದು ಗೂಡು ತೋರಿಸಿದರೆ ಅದರ ಫೋಟೋ ಸಂಜೆಯೊಳಗೆ ಊರೂರು ತಿರುಗುತ್ತದೆ, ನಾಳೆ ಎರಡನೆಯದನ್ನು ಕೇಳುತ್ತಾರೆ.

ಹುಡುಗ: ಆ ಕೂಲಿ ಎಲ್ಲಿಂದ ತರುವುದು?

ಮಾಸ್ತರು: ರೆಸಾರ್ಟಿನವರಿಂದ. ಹಕ್ಕಿಯ ಚಿತ್ರ ಬೋರ್ಡಿಗೆ ಹಾಕಿಕೊಂಡವರೆಲ್ಲ ಕೊಡಲಿ.

ಹುಡುಗ: ಕೊಡುತ್ತಾರೆ ಅಂತ ನಂಬಿ ಕೂತರೆ ಗೂಡಿಗೆ ಈ ವರ್ಷವೂ ಕಾವಲಿಲ್ಲ.

ಮಾಸ್ತರು: ನೀನು ಹೇಳಿದಂತೆ ಮಾಡಿದರೆ ಮುಂದಿನ ವರ್ಷ ಆ ಗೂಡಿಗೆ ಹಕ್ಕಿಯೇ ಬಾರದೆ ಇರಬಹುದು. ವರ್ಷ ವರ್ಷ ಅದೇ ಪೊಟರೆಗೆ ಬರುವ ಹಕ್ಕಿ, ಒಮ್ಮೆ ಬಿಟ್ಟರೆ ಬಿಟ್ಟಂತೆ.

ಇವರಿಬ್ಬರ ಜಗಳ ಇಲ್ಲಿಗೆ ನಿಲ್ಲುತ್ತದೆಯೇ ಹೊರತು ಬಗೆಹರಿಯುವುದಿಲ್ಲ. ಹುಡುಗನ ಲೆಕ್ಕದಲ್ಲಿ ಹುರುಳಿದೆ, ಕಾವಲಿಗೆ ಹಣ ಬೇಕು, ಹಣ ತರುವುದು ನೋಡುಗರೇ. ಮಾಸ್ತರರ ಹಟದಲ್ಲೂ ಹುರುಳಿದೆ. ಗೂಡಿನ ವಿಷಯಕ್ಕೆ ಮಾತ್ರ ನನ್ನ ಮನಸ್ಸು ಮಾಸ್ತರರ ಕಡೆಗೇ ವಾಲುತ್ತದೆ. ದೊಡ್ಡ ಮಂಗಟ್ಟೆಯೂ ಮಲಬಾರ್ ಬೂದು ಮಂಗಟ್ಟೆಯೂ ಇವತ್ತು ಅಪಾಯದ ಅಂಚಿನ ಜಾಗತಿಕ ಪಟ್ಟಿಯಲ್ಲಿವೆ, ಒಂದು ಹಂಗಾಮು ಕೆಟ್ಟರೆ ತುಂಬಿಕೊಡುವಷ್ಟು ಮರಿ ಅವು ಮಾಡುವುದಿಲ್ಲ.

ಓದುಗರಲ್ಲಿ ನನ್ನದೊಂದು ಬೇಡಿಕೆ. ಫೆಬ್ರವರಿಯಿಂದ ಮೇ ತನಕ ದಾಂಡೇಲಿ, ಜೋಯಿಡಾ ಕಡೆ ಹೋದರೆ ಗೂಡಿನ ಮರ ತೋರಿಸು ಎಂದು ಗೈಡನ್ನು ಒತ್ತಾಯಿಸಬೇಡಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಬೇಡಿ. ಗೂಡಿನ ಚಿತ್ರ ಯಾರಾದರೂ ಕಳಿಸಿದರೆ ಮುಂದಕ್ಕೆ ಕಳಿಸಬೇಡಿ. ಗೋಳಿ ಮರ ಹಣ್ಣಾಗಿದ್ದು ಮೊದಲು ಕಂಡ ದನ ಕಾಯುವವರು ಯಾರೆಂದು ಕೇಳಿ, ಅವರಿಗೂ ಕೂಲಿ ಕೊಡಿ. ಗೂಡು ತೋರಿಸಲು ಒಪ್ಪದ ಹುಡುಗನಿಗೆ ಆ ದಿನದ ಹಣ ಪೂರ್ತಿ ಕೊಡಿ, ಮುಂದಿನ ಸಲವೂ ಅವನನ್ನೇ ಕರೆಯಿರಿ.